ಮೊದಲು ಕೂತು ನೋಡಿ, ಆಮೇಲೆ ತೂತು ಕೊರೆಯಿರಿ: ಕ್ರಾಪಿ ಟ್ರೋಲಿಂಗಿಗೆ ಯಾವ ರಾಡ್ ಹೋಲ್ಡರ್?

ಹೋದ ತಿಂಗಳು ಅಮೆರಿಕದ ಮೆಂಫಿಸ್‌ನ ಗೆಳೆಯರೊಬ್ಬರು 17 ಅಡಿಯ ಅಲ್ಯೂಮಿನಿಯಂ ದೋಣಿ ಕೊಂಡರು. ದೋಣಿ ಮನೆಗೆ ಬಂದ ಸಂಜೆಯೇ ನನಗೆ ಫೋನ್ ಮಾಡಿದರು. "ಸಾರ್, ರಾಡ್ ಹೋಲ್ಡರ್ ಯಾವ ಕಂಪನೀದು ತಗೊಳ್ಲಿ? ಡ್ರಿಲ್ ಆಗಲೇ ಚಾರ್ಜಿಗೆ ಹಾಕಿದ್ದೀನಿ."

"ಡ್ರಿಲ್ ಮುಟ್ಟಬೇಡಿ ಮಾರಾಯ್ರೆ, ಶನಿವಾರ ನಾನೇ ಬರ್ತೀನಿ" ಅಂದೆ.

ಅವತ್ತು ಅವರ ಗ್ಯಾರೇಜಿನಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಟ್ರೋಲಿಂಗ್ ಅಂದರೆ ದೋಣಿ ನಿಧಾನಕ್ಕೆ ಸಾಗುತ್ತಿರುವಾಗಲೇ ಗಾಳ ನೀರಿಗೆ ಬಿಟ್ಟು ಮೀನು ಹಿಡಿಯುವುದು; ರಾಡ್ ಹೋಲ್ಡರ್ ಅಂದರೆ ಆಗ ರಾಡನ್ನು, ಅಂದರೆ ಗಾಳದ ಕೋಲನ್ನು, ದೋಣಿಯಲ್ಲಿ ಹಿಡಿದು ನಿಲ್ಲಿಸುವ ಸಾಧನ. ಯಾವ ಕಂಪನಿ ಅನ್ನೋದು ಕೊನೆಯ ಪ್ರಶ್ನೆ. ನೀವು ಮೀನು ಹಿಡಿಯುವ ರೀತಿ ಯಾವುದು, ದೋಣಿಯಲ್ಲಿ ಎಲ್ಲಿ ಕೂರುತ್ತೀರಿ, ಕೂತಲ್ಲಿಂದ ನಿಮ್ಮ ಕೈ ಎಲ್ಲಿವರೆಗೆ ಹೋಗುತ್ತೆ, ಇವು ಮೊದಲು ತೀರ್ಮಾನವಾಗಬೇಕು.

ಹೊಸಬರಿಗೆ ಮೀನಿನ ಬಗ್ಗೆ ಎರಡು ಮಾತು. ಕ್ರಾಪಿ ಅಂದರೆ ಅಗಲವಾದ, ಚಪ್ಪಟೆಯಾದ ಸಿಹಿನೀರಿನ ಮೀನು. ತಿನ್ನೋಕೆ ಬಲು ರುಚಿ. ಬಿಳಿ ಕ್ರಾಪಿ, ಕಪ್ಪು ಕ್ರಾಪಿ ಅಂತ ಎರಡು ಜಾತಿ. ಬಣ್ಣ ನಂಬಬೇಡಿ, ಬೆನ್ನಿನ ಮುಳ್ಳು ಎಣಿಸಿ: ಬಿಳಿಗೆ ಸಾಮಾನ್ಯವಾಗಿ 6, ಕಪ್ಪಿಗೆ 7 ಅಥವಾ 8. ಅಮೆರಿಕದ ಕೆಲವು ಕಡೆ ಇದನ್ನು 'ಕ್ರ್ಯಾಪಿ' ಅಂತಾರೆ, ನಮ್ಮ ಕಡೆ 'ಕ್ರಾಪಿ', ಲೂಸಿಯಾನಾಕ್ಕೆ ಹೋದರೆ 'ಸಾಕಲೇ'. ಮಿಸಿಸಿಪ್ಪಿಯ ಉತ್ತರ ಭಾಗದ ನಾಲ್ಕು ಅಣೆಕಟ್ಟಿನ ಕೆರೆಗಳು ಈ ಮೀನಿಗೆ ಹೆಸರುವಾಸಿ: ಸಾರ್ಡಿಸ್ (1940), ಅರ್ಕಾಬಟ್ಲಾ (1943), ಈನಿಡ್ (1952), ಗ್ರೆನೇಡಾ (1954). ಎಲ್ಲವೂ ಪ್ರವಾಹ ತಡೆಯೋಕೆ ಕಟ್ಟಿದವು. ಬಿಳಿ ಕ್ರಾಪಿಯ ವಿಶ್ವದಾಖಲೆ ಮೀನು ಸಿಕ್ಕಿದ್ದು ಈನಿಡ್‌ನಲ್ಲೇ, 1957ರಲ್ಲಿ. ತೂಕ 5 ಪೌಂಡ್ 3 ಔನ್ಸ್, ಅಂದರೆ ಹೆಚ್ಚುಕಮ್ಮಿ 2.35 ಕಿಲೋ. ಆ ದಾಖಲೆ ಇವತ್ತಿಗೂ ಹಾಗೇ ಇದೆ.

ಹೋಲ್ಡರ್ ಆರಿಸುವಾಗ ಈ ಮೀನಿನ ಎರಡು ಗುಣ ನೆನಪಿರಲಿ. ಒಂದು, ಇದರ ಬಾಯಿ ಕಾಗದದಷ್ಟು ತೆಳು. ರಾಡನ್ನು ಜೋರಾಗಿ ಜಗ್ಗಿದರೆ ಗಾಳ ಬಾಯಿ ಹರಿದುಕೊಂಡು ಬರುತ್ತೆ. ಇನ್ನೊಂದು, ಇದು ಕೆಳಗಿನಿಂದ ಮೇಲಕ್ಕೆ ಬಂದು ಎರೆ ಹಿಡಿಯುವ ಮೀನು. ಎಷ್ಟೋ ಸಲ ಕಚ್ಚಿದಾಗ ರಾಡಿನ ತುದಿ ಕೆಳಗೆ ಬಾಗೋದೇ ಇಲ್ಲ. ಸೀಸದ ಗುಂಡಿನ ಭಾರಕ್ಕೆ ಸ್ವಲ್ಪ ಬಾಗಿ ನಿಂತಿದ್ದ ತುದಿ ಸುಮ್ನೆ ನೆಟ್ಟಗಾಗುತ್ತೆ, ದಾರ ಸಡಿಲ ಬೀಳುತ್ತೆ. ಮಾರ್ಚ್ ತಿಂಗಳ ಬೆಳಿಗ್ಗೆ, ಗ್ರೆನೇಡಾದ ನೀರು ಕದಡಿದ ಚಹಾ ಬಣ್ಣದಲ್ಲಿರುತ್ತೆ. ಆರು ರಾಡುಗಳ ತುದಿ ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ, ಒಂದೇ ಬಾಗಿನಲ್ಲಿ ನಿಂತಿರುತ್ತವೆ. ಅದರಲ್ಲಿ ಐದನೆಯದು ಎರಡು ಇಂಚು ಮೇಲೆದ್ದಿತು ಅನ್ನಿ. ಆ ಎರಡು ಇಂಚು ಕಣ್ಣಿಗೆ ಬೀಳಬೇಕಾದರೆ ಉಳಿದ ಐದೂ ಅಲುಗಾಡದೆ ಸಮವಾಗಿರಬೇಕು. ಹೋಲ್ಡರಿಗೆ ನಾವು ದುಡ್ಡು ಕೊಡುವುದು ಇದಕ್ಕೇ.

ಈಗ ಮೀನು ಹಿಡಿಯುವ ರೀತಿಗೆ ಬರೋಣ.

ಸ್ಪೈಡರ್ ರಿಗ್ಗಿಂಗ್ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು. ದೋಣಿಯ ಮೂತಿಯಲ್ಲಿ ಇಬ್ಬರು ಪಕ್ಕಪಕ್ಕ ಕೂರುತ್ತಾರೆ. 12ರಿಂದ 16 ಅಡಿ ಉದ್ದದ ರಾಡುಗಳು ಜೇಡನ ಕಾಲಿನ ಹಾಗೆ ಮುಂದಕ್ಕೆ ಹರಡಿರುತ್ತವೆ. ದಾರಕ್ಕೆ ಅರ್ಧ ಔನ್ಸ್ ಅಥವಾ ಅದಕ್ಕಿಂತ ಜಾಸ್ತಿ ಸೀಸ, ಗಾಳಕ್ಕೆ ಮಿನ್ನೋ (ಎರೆಗೆ ಬಳಸುವ ಪುಟ್ಟ ಮೀನು) ಅಥವಾ ಜಿಗ್ (ಸೀಸದ ತಲೆಯ ಕೃತಕ ಎರೆ). ಎಲೆಕ್ಟ್ರಿಕ್ ಮೋಟಾರಿನಲ್ಲಿ ದೋಣಿಯನ್ನು ಗಂಟೆಗೆ ಅರ್ಧ ಮೈಲಿಯ ಆಸುಪಾಸಿನಲ್ಲಿ ತಳ್ಳುತ್ತಾರೆ. ಮನುಷ್ಯ ನಡೆಯೋದಕ್ಕಿಂತ ಎಷ್ಟೋ ನಿಧಾನ. ದಾರ ಹೆಚ್ಚುಕಮ್ಮಿ ನೇರ ಕೆಳಗೆ ಇಳಿದಿರುತ್ತೆ, ಹಾಗಾಗಿ ಎಷ್ಟು ಆಳದಲ್ಲಿ ಎರೆ ಇದೆ ಅಂತ ಖಚಿತವಾಗಿ ಗೊತ್ತಿರುತ್ತೆ. ಇದಕ್ಕೆ ಬೇಕಾದ ಹೋಲ್ಡರ್ ಮುಂಭಾಗದಲ್ಲಿರಬೇಕು, ಅಲುಗಾಡಬಾರದು, ರಾಡನ್ನು ಮೇಲಕ್ಕೆತ್ತಿದ ಕೂಡಲೇ ಬಿಟ್ಟುಕೊಡಬೇಕು.

ಲಾಂಗ್‌ಲೈನಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಜಾರ್ಜಿಯಾ, ಅಲಬಾಮಾ, ಕ್ಯಾರೊಲಿನಾ ಕಡೆ ಜಾಸ್ತಿ. 1/16, 1/32 ಔನ್ಸಿನ ಹಗುರ ಜಿಗ್‌ಗಳನ್ನು ದೋಣಿಯ ಹಿಂದೆ ಬಹಳ ದೂರ ಬಿಟ್ಟು, ಗಂಟೆಗೆ ಒಂದು ಮೈಲಿ ಸುಮಾರಿನಲ್ಲಿ ಎಳೆಯುತ್ತಾರೆ. ವೇಗ ಹೆಚ್ಚಿದರೆ ಜಿಗ್ ಮೇಲೇರುತ್ತೆ, ತಗ್ಗಿದರೆ ಇಳಿಯುತ್ತೆ. ಇಲ್ಲಿ ದಾರಗಳು ಒಂದಕ್ಕೊಂದು ಸುತ್ತಿಕೊಳ್ಳುವುದೇ ದೊಡ್ಡ ಕಾಟ. ಅದಕ್ಕೇ ಹೊರಗಡೆಗೆ ಉದ್ದದ ರಾಡು, ಒಳಕ್ಕೆ ಬಂದ ಹಾಗೆ ಗಿಡ್ಡ ರಾಡು. ಹೋಲ್ಡರುಗಳು ದೋಣಿಯ ಹಿಂಭಾಗದಲ್ಲಿ, ಎರಡೂ ಕಡೆ ಅಗಲಕ್ಕೆ ಹರಡಿರಬೇಕು.

ಸೈಡ್ ಪುಲ್ಲಿಂಗ್‌ನಲ್ಲಿ ದೋಣಿಯೇ ಅಡ್ಡಡ್ಡ ಸಾಗುತ್ತೆ, ರಾಡುಗಳೆಲ್ಲ ಒಂದೇ ಅಂಚಿನ ಉದ್ದಕ್ಕೂ ಸಾಲಾಗಿರುತ್ತವೆ. ಬೇಸಿಗೆಯಲ್ಲಿ, ಎಳೆದರೆ ನೀರಿನಾಳಕ್ಕೆ ಇಳಿಯುವ ಮೀನಿನಾಕಾರದ ಕೃತಕ ಎರೆಯಾದ ಕ್ರ್ಯಾಂಕ್‌ಬೇಟ್ ಎಳೆಯುವವರೂ ಇದ್ದಾರೆ. ಸಾರ್ಡಿಸ್ ಊರಿನಲ್ಲಿ ಹುಟ್ಟಿದ ಬ್ಯಾಂಡಿಟ್ 300 ಅದಕ್ಕೆ ಎಲ್ಲರಿಗೂ ಗೊತ್ತಿರೋ ಹೆಸರು. ಅದರ ವೇಗ ಜಾಸ್ತಿ, ಎಳೆತವೂ ಜಾಸ್ತಿ. ರಾಡನ್ನು ಹಿಡಿದಿಡುವ ಬೀಗವಿರುವ ಹೋಲ್ಡರ್ ಬೇಕಾಗುವುದು ಅಲ್ಲಿ ಮಾತ್ರ.

ಇಷ್ಟು ತೀರ್ಮಾನವಾದ ಮೇಲೆ ಹೋಲ್ಡರಿನ ಬುಡ, ಅಂದರೆ ಅದನ್ನು ದೋಣಿಗೆ ಕೂರಿಸುವ ಭಾಗ. ಅಂಗಡಿಯಲ್ಲಿ ಎಲ್ಲರೂ ರಾಡು ಕೂರುವ ತೊಟ್ಟಿಲನ್ನು ನೋಡುತ್ತಾರೆ. ನಾನು ಮೊದಲು ಬುಡ ನೋಡಿ ಅಂತೀನಿ. ಲೆಕ್ಕ ಸರಳ. ಹೋಲ್ಡರಿನಿಂದ 12 ಅಡಿ ಆಚೆ ಇರುವ ತುದಿಯನ್ನು ಒಂದೇ ಒಂದು ಪೌಂಡ್ ಬಲ ಕೆಳಕ್ಕೆ ಎಳೆದರೂ ಬುಡದ ಮೇಲೆ 12 ಅಡಿ-ಪೌಂಡ್ ತಿರುಚು ಬೀಳುತ್ತೆ. ಅಂದರೆ ಒಂದು ಅಡಿ ಉದ್ದದ ಪಾನಾ ಹಾಕಿ 12 ಪೌಂಡ್ ಬಲದಲ್ಲಿ ಒತ್ತಿದಷ್ಟು. ದೋಣಿ ಅಲೆಗೆ ಏರಿ ಇಳಿದಾಗೆಲ್ಲ ಇದು ನಡೆಯುತ್ತಲೇ ಇರುತ್ತೆ, ದಿನಕ್ಕೆ ಸಾವಿರ ಸಲ.

ಟಿ-ಬಾರ್ ಒಂದು ದಾರಿ. ಡೆಕ್ಕಿನ ಮೇಲೆ ಒಂದು ಕಂಬ, ಅದರ ತಲೆಯ ಮೇಲೆ ಅಡ್ಡ ಪಟ್ಟಿ, ಪಟ್ಟಿಯ ಮೇಲೆ ಮೂರೋ ನಾಲ್ಕೋ ಹೋಲ್ಡರ್. ಇದರ ದೊಡ್ಡ ಗುಣ ಏನಂದರೆ ನಾಲ್ಕೂ ರಾಡು ತಾನಾಗಿಯೇ ಒಂದೇ ಎತ್ತರಕ್ಕೆ ಬರುತ್ತವೆ. ಬುಡ ಒಂದೇ ಕಡೆ, ತೂತೂ ಕಡಿಮೆ. ಸಂಜೆ ಕಂಬವನ್ನು ಎತ್ತಿ ತೆಗೆದು ದೋಣಿಯೊಳಗೆ ಮಲಗಿಸಿದರೆ ಆಯ್ತು, ಹೈವೇಯಲ್ಲಿ ಭಯವಿಲ್ಲ, ಗ್ಯಾರೇಜಿನ ಬಾಗಿಲಿಗೂ ತಾಗಲ್ಲ. ತೊಂದರೆಯೂ ಇದೆ. ನಾಲ್ಕು ರಾಡಿನ ಭಾರವೆಲ್ಲ ಆ ಒಂದೇ ಬುಡಕ್ಕೆ. ಒಂದು ರಾಡನ್ನು ಎತ್ತಿದಾಗ ಪಟ್ಟಿ ನಡುಗಿ ಉಳಿದ ಮೂರೂ ತೂಗುತ್ತವೆ. ದೋಣಿ ಮೀನಿನ ಗುಂಪಿನ ಮೇಲೆ ಹೋಗುತ್ತಿರುವಾಗ ಆ ನಾಲ್ಕು ಸೆಕೆಂಡಿನಲ್ಲಿ ಪಕ್ಕದ ರಾಡಿನ ಕಚ್ಚು ಕಾಣದೆ ಹೋಗುತ್ತೆ. ದಪ್ಪ ಕಂಬ, ಅಗಲ ಬುಡ ಇದ್ದರೆ ಈ ನಡುಕ ಬಹಳ ಕಡಿಮೆ. ಹಾಗಾಗಿ ಟಿ-ಬಾರ್ ಕೊಳ್ಳುವುದಾದರೆ ಅಗ್ಗದ್ದು ಬೇಡವೇ ಬೇಡ.

ಬಿಡಿ ಬುಡಗಳು ಇನ್ನೊಂದು ದಾರಿ. ಪ್ರತಿ ಹೋಲ್ಡರಿಗೂ ಅದರದ್ದೇ ಬುಡ, ದೋಣಿಯ ಅಂಚಿಗೆ ನೇರ ಬೋಲ್ಟ್. ಒಂದನ್ನು ಎತ್ತಿದರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ, ಅಷ್ಟು ಗಟ್ಟಿ. ಆದರೆ ಎಂಟು ಹೋಲ್ಡರ್ ಅಂದರೆ ಮೂವತ್ತರ ಹತ್ತಿರ ತೂತು. ದೋಣಿಯ ಮೂತಿ ಮುಂದಕ್ಕೆ ಹೋಗ್ತಾ ಚೂಪಾಗಿ ಮೇಲೇಳುವುದರಿಂದ ಒಂದೊಂದು ಬುಡವೂ ಒಂದೊಂದು ಎತ್ತರ, ಒಂದೊಂದು ಕೋನ. ತುದಿಗಳನ್ನು ಒಂದೇ ಸಾಲಿಗೆ ತರೋಕೆ ಪ್ರತಿಯೊಂದನ್ನೂ ಬೇರೆ ಬೇರೆ ತಿದ್ದಬೇಕು. ಲಾಂಗ್‌ಲೈನಿಂಗಿಗೆ, ಸೈಡ್ ಪುಲ್ಲಿಂಗಿಗೆ ಇದೇ ಸರಿ. ಸ್ಪೈಡರ್ ರಿಗ್ಗಿಂಗಿಗೆ ನಾನು ಟಿ-ಬಾರ್ ಕಡೆಗೇ.

ಟ್ರ್ಯಾಕ್ ಮೂರನೆಯದು. ಅಂಚಿನ ಉದ್ದಕ್ಕೂ ಅಲ್ಯೂಮಿನಿಯಂ ಹಳಿ ಇರುತ್ತೆ, ಹೋಲ್ಡರನ್ನು ಅದರಲ್ಲಿ ಜಾರಿಸಿ ಬೇಕಾದಲ್ಲಿ ಬಿಗಿ ಮಾಡುವುದು. ಬೆಲೆ ಜಾಸ್ತಿ. ಆದರೆ ವಸಂತದಲ್ಲಿ ಒಂದು ರೀತಿ, ಬೇಸಿಗೆಯಲ್ಲಿ ಇನ್ನೊಂದು ರೀತಿ ಹಿಡಿಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಒಂದು ಮಾತು ಮರೆಯಬೇಡಿ: ನಿಮ್ಮ ದೋಣಿಯಲ್ಲಿ ಇದು ಆಗಲೇ ಇರಬಹುದು! ಟ್ರ್ಯಾಕರ್‌ನವರ ವರ್ಸಾಟ್ರ್ಯಾಕ್, ಲುಂಡ್‌ನವರ ಸ್ಪೋರ್ಟ್‌ಟ್ರ್ಯಾಕ್ ಅಂತ ಕಾರ್ಖಾನೆಯಿಂದಲೇ ಅಂಚಿನಲ್ಲಿ ಹಳಿ ಮಾಡಿರುವ ದೋಣಿಗಳಿವೆ. ನನ್ನ ಗೆಳೆಯರ ದೋಣಿಯ ಅಂಚಿನ ಮೇಲೆ ಕೈ ಆಡಿಸಿ ನೋಡಿದಾಗ ಅಂಥದ್ದೇ ಹಳಿ ಸಿಕ್ಕಿತು. ಹಿಂಭಾಗದ ಹೋಲ್ಡರಿಗೆ ಒಂದೇ ಒಂದು ತೂತೂ ಬೇಕಾಗಲಿಲ್ಲ.

ಅಂಚಿಗೆ ಕಚ್ಚಿ ತಿರುಗಿಸುವ ಕ್ಲ್ಯಾಂಪ್ ಹೋಲ್ಡರುಗಳು ಬಾಡಿಗೆ ದೋಣಿಗೆ, ಎಂಟು ಅಡಿಯ ಒಂದೆರಡು ರಾಡಿಗೆ ಸಾಕು. 14 ಅಡಿಯ ರಾಡನ್ನು ಅದಕ್ಕೆ ಕೊಡಬೇಡಿ.

ಈಗ ತೊಟ್ಟಿಲು. ಭದ್ರಾ ಹಿನ್ನೀರಿನ ದಡದಲ್ಲಿ ನಾವು ಹುಡುಗರಿದ್ದಾಗ ಕವಲೊಡೆದ ಕೋಲನ್ನು ಕೆಸರಿಗೆ ಚುಚ್ಚಿ ಅದರ ಮೇಲೆ ಬಿದಿರಿನ ಗಾಳ ಒರಗಿಸುತ್ತಿದ್ದೆವು. ಬೆಂಡು ಮುಳುಗಿದ ಕೂಡಲೇ ಎತ್ತಿದರೆ ಕೈಗೆ ಬರೋದು, ಬಿಚ್ಚೋದು ಕಟ್ಟೋದು ಏನೂ ಇಲ್ಲ. ಕ್ರಾಪಿಗೆ ಒಳ್ಳೆಯ ಹೋಲ್ಡರ್ ಆ ಕವಲು ಕೋಲಿನ ಹಾಗೇ ಇರಬೇಕು: ಮುಂದೆ ಒಂದು ಕವಲು, ಹಿಂದೆ ರಾಡಿನ ಬುಡವನ್ನು ಮೇಲೇಳದಂತೆ ತಡೆಯುವ ಒಂದು ಕಂಬಿ. ದಕ್ಷಿಣ ಕ್ಯಾರೊಲಿನಾದ ಡ್ರಿಫ್ಟ್‌ಮಾಸ್ಟರ್ ಉಕ್ಕಿನ ಕಂಬಿಯನ್ನು ಬಗ್ಗಿಸಿ ಮಾಡುವುದು ಈ ಮಾದರಿಯನ್ನೇ. ರಾಡನ್ನು ಮೇಲಕ್ಕೆತ್ತಿದರೆ ಆ ಎತ್ತುವಿಕೆಯಲ್ಲೇ ಗಾಳ ನಾಟುತ್ತೆ, ಮೀನಿನ ಬಾಯಿಯೂ ಹರಿಯಲ್ಲ. ಮಿಸಿಸಿಪ್ಪಿಯದ್ದೇ ಆದ ಮಿಲೇನಿಯಂನವರ ಸ್ಪೈಡರ್‌ಲಾಕ್ ಕೂಡ ಇಲ್ಲಿ ಅನೇಕ ದೋಣಿಗಳಲ್ಲಿ ಕಾಣುತ್ತೆ.

ಪ್ಲಾಸ್ಟಿಕ್ ತೊಟ್ಟಿಲುಗಳು ಹಗುರ, ತುಕ್ಕಿಲ್ಲ, ಬೆಲೆಯೂ ಕಡಿಮೆ. ಕೆನಡಾದ ಸ್ಕಾಟಿಯವರದ್ದು ಇದರಲ್ಲಿ ಹಳೆಯ ಹೆಸರು. ಹಲವು ಮಾದರಿಗಳಿಗೆ ಮೇಲೊಂದು ಬೀಗದ ಉಂಗುರ ಇರುತ್ತೆ. ಕ್ರ್ಯಾಂಕ್‌ಬೇಟಿಗೆ ಅದು ಬೇಕು, ಮಿನ್ನೋ ಹಾಕಿ ನಿಧಾನಕ್ಕೆ ತಳ್ಳುವವರಿಗೆ ಅದೇ ಅಡ್ಡಿ. ಉಂಗುರ ತಿರುಗಿಸಿ ರಾಡು ಬಿಡಿಸುವಷ್ಟರಲ್ಲಿ ಕ್ರಾಪಿ ಎರೆ ಉಗುಳಿ ಹೋಗಿರುತ್ತೆ. ಉಂಗುರವನ್ನು ತೆರೆದೇ ಇಟ್ಟುಕೊಂಡರೆ ಬಳಸಬಹುದು. ಕೊಳವೆಯಂಥ ಹೋಲ್ಡರ್, ಅಂದರೆ ರಾಡಿನ ಬುಡವನ್ನು ತೂರಿಸಿ ನಿಲ್ಲಿಸುವಂಥದ್ದು, ಸ್ಪೈಡರ್ ರಿಗ್ಗಿಂಗಿಗೆ ಆಗಲ್ಲ. ರಾಡನ್ನು ಮೊದಲು ಹಿಂದಕ್ಕೆ ಎಳೆಯಬೇಕು, ಆಮೇಲೆ ಎತ್ತಬೇಕು. ಎರಡು ಕೆಲಸ.

ಅಂಗಡಿಯಲ್ಲಿ ಮಾಡಲೇಬೇಕಾದ ಒಂದು ಪರೀಕ್ಷೆ ಹೇಳುತ್ತೇನೆ. ಹೋಲ್ಡರಿನ ಕೋನ ಬದಲಿಸುವ ಕಡೆ ಹಲ್ಲುಗಳಿರುತ್ತವೆ. ಅವು ಎಷ್ಟು ಒತ್ತೊತ್ತಾಗಿವೆ ನೋಡಿ. ಒಂದು ಹಲ್ಲಿನಿಂದ ಇನ್ನೊಂದಕ್ಕೆ 10 ಡಿಗ್ರಿ ಅಂತರವಿದ್ದರೆ 12 ಅಡಿ ಆಚೆಯ ತುದಿ ಒಂದೇ ಸಲಕ್ಕೆ 2 ಅಡಿ ಮೇಲೆ ಕೆಳಗೆ ಹೋಗುತ್ತೆ. ನಮಗೆ ಬೇಕಿರುವುದು ನೀರಿನಿಂದ ಒಂದು, ಒಂದೂವರೆ ಅಡಿ ಎತ್ತರದಲ್ಲಿ ನಿಲ್ಲುವ ತುದಿ. 2 ಅಡಿಯ ಜಿಗಿತದಲ್ಲಿ ಅದು ಸಿಗೋದು ಹೇಗೆ, ಅಲ್ವಾ? ಹಲ್ಲು ಸಣ್ಣದಿರಬೇಕು, ಇಲ್ಲಾ ತಿರುಪಿನಿಂದ ಬೇಕಾದ ಜಾಗದಲ್ಲಿ ನಿಲ್ಲಿಸುವ ಹಾಗಿರಬೇಕು. ಗುಂಡುಕೀಲಿನ ಹೋಲ್ಡರುಗಳು ಯಾವ ಕೋನಕ್ಕಾದರೂ ತಿರುಗುತ್ತವೆ, ನಿಜ. ಆದರೆ ಉದ್ದ ರಾಡಿನ ಭಾರಕ್ಕೆ ನಿಧಾನಕ್ಕೆ ಬಗ್ಗದಂತೆ ಚೆನ್ನಾಗಿ ಬಿಗಿ ಮಾಡಿಕೊಳ್ಳಬೇಕು. ನಿಮ್ಮ ರಾಡು, ರೀಲು ಎರಡನ್ನೂ ಅಂಗಡಿಗೆ ಒಯ್ದು ಕೂರಿಸಿ ನೋಡಿ. ಹಿಡಿಕೆ ಗಿಡ್ಡದಾದರೆ ರೀಲು ಕಂಬಿಗೆ ತಾಗುತ್ತೆ.

ಕೊರೆಯುವ ಮೊದಲು ಕೂರಬೇಕು. ದೋಣಿಯನ್ನು ಟ್ರೇಲರಿನ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ನಿಮ್ಮ ಸೀಟಿನಲ್ಲಿ ಕೂತುಕೊಳ್ಳಿ. ಜೊತೆಗೆ ಬರುವವರನ್ನೂ ಪಕ್ಕದಲ್ಲಿ ಕೂರಿಸಿ. ನನ್ನ ದೋಣಿಗೆ ಅಳತೆ ತೆಗೆದದ್ದು ನನ್ನ ಹೆಂಡತಿ. ನಾನು ಕೂತು ಕೈ ಚಾಚಿದೆ, ಅವಳು ಡೆಕ್ಕಿನ ಮೇಲೆ ನೀಲಿ ಟೇಪ್ ಅಂಟಿಸುತ್ತಾ ಬಂದಳು. "ರೀ, ಸೊಂಟ ಬಗ್ಗಿಸಬೇಡಿ, ಬರೀ ಕೈ ಚಾಚಿ" ಅಂತ ಎರಡು ಸಲ ಎಚ್ಚರಿಸಿದಳು. ಅವಳು ಹೇಳಿದ್ದೇ ಸರಿ. ಸೊಂಟ ಬಗ್ಗಿಸಿ ತೆಗೆದ ಅಳತೆಗೆ ಹೋಲ್ಡರ್ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಬೆನ್ನು ಕೇಳುತ್ತೆ. ಕೊನೆಯ ರಾಡಿನ ಬುಡವೂ ಕೂತಲ್ಲಿಂದಲೇ ಕೈಗೆ ಸಿಗಬೇಕು.

ಟೇಪ್ ಹಾಕಿದ ಮೇಲೆ ಮುಂದಿನ ಮೋಟಾರನ್ನು ಒಮ್ಮೆ ನೀರಿಗಿಳಿಸಿದ ಹಾಗೆ ಇಳಿಸಿ, ಒಮ್ಮೆ ಎತ್ತಿ ಮಲಗಿಸಿ. ಎರಡೂ ಸಲ ಕಂಬಕ್ಕೆ ತಾಗಬಾರದು. ಕಾಲಿನ ಪೆಡಲ್ ಎಲ್ಲಿ ಬರುತ್ತೆ, ಮೊಣಕಾಲು ಎಲ್ಲಿ ಬರುತ್ತೆ, ಕೈಬಲೆ ಎಲ್ಲಿಡುತ್ತೀರಿ, ಎಲ್ಲ ಆಗಲೇ ನೋಡಿಕೊಳ್ಳಿ. ಇನ್ನೂ ಅನುಮಾನವಿದ್ದರೆ ಒಂದು ದಪ್ಪ ಹಲಗೆಯನ್ನು ಎರಡೂ ಅಂಚಿನ ಮೇಲೆ ಅಡ್ಡ ಇಟ್ಟು ಕ್ಲ್ಯಾಂಪ್ ಮಾಡಿ, ಹೋಲ್ಡರುಗಳನ್ನು ಅದಕ್ಕೇ ಬೋಲ್ಟ್ ಹಾಕಿ ಒಂದೆರಡು ವಾರ ಮೀನು ಹಿಡಿಯಿರಿ. ಖರ್ಚು ಹಲಗೆಯಷ್ಟೇ. ಎಲ್ಲಿ ಬೇಕು ಅಂತ ಹಲಗೆಯೇ ಕಲಿಸಿಕೊಡುತ್ತೆ.

ಕೂರಿಸುವ ವಿಚಾರದಲ್ಲಿ ನನಗಾದ ನಷ್ಟ ಹೇಳಲೇಬೇಕು. ನನ್ನ ಮೊದಲ ದೋಣಿ 16 ಅಡಿಯದು, ತೆಳು ಅಲ್ಯೂಮಿನಿಯಂ ಅಂಚು. ಹೋಲ್ಡರುಗಳನ್ನು ಬರೀ ಸ್ಕ್ರೂ ಹಾಕಿ ಕೂರಿಸಿದ್ದೆ. ಗ್ರೆನೇಡಾದಲ್ಲಿ ಚಳಿಗಾಲಕ್ಕೆ ನೀರು ಇಳಿಸುತ್ತಾರೆ, ವಸಂತದಲ್ಲಿ ತುಂಬುತ್ತೆ. ಆಗ ನೀರಡಿ ಸೇರುವ ಮರದ ಬೊಡ್ಡೆಗಳಿಗೆ ಲೆಕ್ಕವಿಲ್ಲ. ಗಾಳಿ ಹಿಂದಿನಿಂದ ತಳ್ಳುತ್ತಿತ್ತು, ಗಾಳ ಬೊಡ್ಡೆಗೆ ಸಿಕ್ಕಿತು. ದಾರ ತುಂಡಾಗುವ ಮೊದಲೇ ನಾಲ್ಕೂ ಸ್ಕ್ರೂ ಕಿತ್ತುಕೊಂಡು, ಹೋಲ್ಡರ್, ರಾಡು, ರೀಲು ಮೂರೂ ಕಣ್ಣೆದುರಿಗೇ ನೀರಿಗಿಳಿದವು. ಆ ರಾಡು ನನ್ನ ಅಪ್ಪ ಇಲ್ಲಿಗೆ ಬಂದಿದ್ದಾಗ ಮೊದಲ ಕ್ರಾಪಿ ಹಿಡಿದದ್ದು. ಇವತ್ತಿಗೂ ಆ ಜಾಗದಲ್ಲಿ ಹಾದು ಹೋಗುವಾಗ ನೀರು ನೋಡುತ್ತೇನೆ.

ಹಾಗಾಗಿ ಸ್ಕ್ರೂ ಬೇಡ. ಆರಪಾರ ಹೋಗುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಅಗಲ ವಾಷರ್, ಅಲುಗಿದರೂ ಸಡಿಲವಾಗದ ನೈಲಾಕ್ ನಟ್. ಅಂಚಿನ ಕೆಳಗಡೆ ಬುಡಕ್ಕಿಂತ ದೊಡ್ಡದಾದ ಅಲ್ಯೂಮಿನಿಯಂ ಪಟ್ಟಿಯ ಒತ್ತು ಕೊಡಿ. ಒತ್ತಿಗೆ ಔಷಧಿ ಹಾಕಿದ ಹಸಿರು ಮರ ಬಳಸಬೇಡಿ. ಅದರಲ್ಲಿರುವ ತಾಮ್ರ ಒದ್ದೆಯಾದಾಗ ಅಲ್ಯೂಮಿನಿಯಂ ತಿನ್ನುತ್ತೆ. ಫೈಬರ್‌ಗ್ಲಾಸ್ ದೋಣಿಯಾದರೆ ತೂತಿನ ಒಳಗೋಡೆಗೆಲ್ಲ ಮೆರೈನ್ ಸೀಲಂಟ್ ತುಂಬಬೇಕು. ಇಲ್ಲದಿದ್ದರೆ ನೀರು ಒಳಗಿನ ಮರಕ್ಕೆ ಇಳಿದು, ಮೇಲೆ ಏನೂ ಕಾಣದೆ, ಒಳಗೊಳಗೇ ಕೊಳೆಯುತ್ತೆ.

ಎಷ್ಟು ಹೋಲ್ಡರ್ ಕೊಳ್ಳಬೇಕು? ಮೊದಲು ನಿಮ್ಮ ಕೆರೆಯ ನಿಯಮ ಓದಿ. ಒಬ್ಬರಿಗೆ ಎಷ್ಟು ರಾಡು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ, ಕೆಲವು ಕಡೆ ಕೆರೆಯಿಂದ ಕೆರೆಗೂ ಬೇರೆ. ನಿಯಮ ಬಿಟ್ಟರೂ, ಮೊದಲ ವರ್ಷ ತಲಾ ಮೂರು ರಾಡು ಸಾಕು ಅನ್ನೋದು ನನ್ನ ಅಭಿಪ್ರಾಯ. ಗಾಳಿ ಬೀಸುವಾಗ ಎಂಟು ದಾರ ಸಿಕ್ಕಾದರೆ ಬಿಡಿಸುವುದರಲ್ಲೇ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತೆ.

ಒಟ್ಟಿನಲ್ಲಿ ಇಬ್ಬರು ಕೂತು ಮಾರ್ಚ್, ಏಪ್ರಿಲ್‌ನಲ್ಲಿ ಮಿನ್ನೋ ತಳ್ಳುವವರಾದರೆ ಎರಡು ಗಟ್ಟಿ ಟಿ-ಬಾರ್, ಮೇಲೆ ತೆರೆದ ಉಕ್ಕಿನ ತೊಟ್ಟಿಲು. ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಒಬ್ಬರೇ ಹೋಗುವವರಾದರೆ ಒಂದೇ ಟಿ-ಬಾರ್, ಸೀಟಿನ ನೇರ ಮುಂದೆ ಬೇಡ, ಸ್ವಲ್ಪ ಎಡಕ್ಕೆ ಅಥವಾ ಬಲಕ್ಕೆ, ಎದ್ದು ಓಡಾಡೋಕೆ ದಾರಿ ಉಳಿಯಲಿ. ಹಿಂದೆ ಎಳೆಯುವುದೇ ಇಷ್ಟವಾದರೆ ಬಿಡಿ ಬುಡ ಅಥವಾ ಟ್ರ್ಯಾಕ್. ಮಕ್ಕಳ ಜೊತೆ ಹೋಗುವವರು ಪ್ಲಾಸ್ಟಿಕ್ ತೊಟ್ಟಿಲು ನೋಡಬಹುದು. ಅಂಚು ಮೊಂಡಾಗಿರುತ್ತೆ, ಗಿಡ್ಡ ರಾಡಿಗೆ ಆ ಬಲ ಸಾಕು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಎಂಟು ಅಗ್ಗದ್ದರ ಬದಲು ನಾಲ್ಕು ಒಳ್ಳೆಯದು ತಗೊಳ್ಳಿ, ಉಳಿದದ್ದು ಮುಂದಿನ ವರ್ಷ.

ನನ್ನ ಗೆಳೆಯರು ಎರಡು ಟಿ-ಬಾರ್ ತಗೊಂಡರು. ಬುಡಗಳಿಗೆ ತೂತು ಕೊರೆದು, ಬೋಲ್ಟುಗಳನ್ನು ಸಾಧಾರಣ ಬಿಗಿಯಲ್ಲಿ ಬಿಟ್ಟಿದ್ದೇವೆ. ಮೊದಲ ಸಲ ಕೆರೆಗೆ ಹೋಗಿ, ಆರು ರಾಡೂ ಹಾಕಿ, ಅಲೆಯಲ್ಲಿ ಅರ್ಧ ದಿನ ತಿರುಗಿ ಬಂದ ಮೇಲೆ ಒಂದೊಂದು ಬುಡವನ್ನೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡುವುದು. ಕೋನ ಎಲ್ಲಾ ಸರಿ ಕಂಡರೆ ಬೋಲ್ಟ್ ಬಿಚ್ಚಿ, ಸೀಲಂಟ್ ಹಚ್ಚಿ, ಆಗ ನಟ್ ಪೂರ್ತಿ ಬಿಗಿ ಮಾಡುವುದು.